ಬಂದವರ ಗಡಿಗೆ

ಕಾಶೆವ್ವನ ಮನೆಯಲ್ಲಿ ಒಲೆಯ ಎಡಕ್ಕೆ ಒಂದು ಮಣ್ಣಿನ ಗಡಿಗೆ ಇತ್ತು. ಅದರ ಕಂಠ ಒಂದು ಕಡೆ ಒಡೆದಿತ್ತು, ಬಾಯಿಗೆ ಹಳೆ ಸೀರೆಯ ತುಂಡು ಬಿಗಿದಿತ್ತು. ಒಳಗಿದ್ದದ್ದು ಅಕ್ಕಿ. ಆದರೆ ಆ ಅಕ್ಕಿ ಕಾಶೆವ್ವನದಲ್ಲ, ಅವಳ ನಾದಿನಿ ಶಿವಗಂಗವ್ವನದೂ ಅಲ್ಲ. ಅದು ಬಂದವರದು. ಬಂದವರು ಅಂದರೆ ಯಾರು ಅಂತ ಕೇಳಬೇಡಿ; ಕೇಳಬಾರದು ಅನ್ನುವುದೇ ಆ ಗಡಿಗೆಯ ನೇಮ. ದಿನಾ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಅದರೊಳಗೆ ಬೀಳಬೇಕು. ಬಾಗಿಲಿಗೆ ಯಾರಾದರೂ ಹಸಿದು ಬಂದರೆ ಅದರಿಂದ ತೆಗೆದು ಬೇಯಿಸಿ ಹಾಕಬೇಕು. ಉಣ್ಣುವ ಮೊದಲು ಅವರ ಹೆಸರು, ಊರು, ಜಾತಿ ಯಾವುದನ್ನೂ ಕೇಳುವ ಹಾಗಿಲ್ಲ. ಕೇಳುವುದೇನಿದ್ದರೂ ಅವರು ಉಂಡು ಕೈ ತೊಳೆದ ಮೇಲೆ: "ಯಾವೂರಾತ್ರೀ? ಎಲ್ಲಿಗೆ ಹೊಂಟೀರಿ?" ಮನೆಯವರು ಎಷ್ಟೇ ಹಸಿದಿರಲಿ, ಆ ಗಡಿಗೆಗೆ ಅವರ ಕೈ ಹೋಗಕೂಡದು.

ಹಳಿಯಾಳದ ಹತ್ತಿರ ಸಾಂಬ್ರಾಣಿ ಅನ್ನುವ ಊರಿನ ಹಿಂದೆ ಹಳ್ಳ ದಾಟಿದರೆ ಹತ್ತು-ಹನ್ನೆರಡು ಮನೆಗಳ ಒಂದು ಕೇರಿ. ಒಂದು ಕಾಲಕ್ಕೆ ಅಲ್ಲಿಯ ಪ್ರತಿ ಮನೆಯಲ್ಲೂ ಇಂಥದೊಂದು ಗಡಿಗೆ ಇತ್ತಂತೆ. ಕಾಲ ಕೆಟ್ಟಂತೆ ಒಂದೊಂದಾಗಿ ಹೋದವು. ಕೆಲವು ಒಡೆದವು, ಕೆಲವರು ಅದರಲ್ಲಿ ಉಪ್ಪಿನಕಾಯಿ ಹಾಕಿದರು. ಕಾಶೆವ್ವನ ಅತ್ತೆ ಶಿವವ್ವ ಮಾತ್ರ ಸಾಯುವಾಗ ಸೊಸೆಯ ಕೈಹಿಡಿದು, "ನಾ ಹ್ವಾದ್ರೂ ಗಡಿಗಿ ಬರಿದಾಗಬಾರದು ನೋಡ" ಅಂದು ಕಣ್ಣು ಮುಚ್ಚಿದ್ದಳು. ಅತ್ತೆಯ ಬಂಗಾರ ಸಿಗಲಿಲ್ಲ, ಹೊಲ ಸಿಗಲಿಲ್ಲ. ಸಿಕ್ಕದ್ದು ಇದೊಂದು ಗಡಿಗೆ, ಮತ್ತೆ ಕಣ್ಣಿಲ್ಲದ ನಾದಿನಿ.

ಕಾಶೆವ್ವ ಹುಟ್ಟಿದ್ದು ಪ್ಲೇಗಿನ ವರ್ಷ. ಹನ್ನೆರಡಕ್ಕೆ ಮದುವೆಯಾಗಿ ಈ ಕೇರಿಗೆ ಬಂದಳು. ಗಂಡ ಮಡಿವಾಳಪ್ಪ ಕಂಡವರ ಗದ್ದೆಯಲ್ಲಿ ದುಡಿಯುವವ, ಮಾತು ಕಡಿಮೆ, ದುಡಿತ ಜಾಸ್ತಿ. ಹುಟ್ಟಿದ ಎರಡು ಕೂಸುಗಳೂ ವರ್ಷ ತುಂಬುವ ಮೊದಲೇ ಮಣ್ಣು ಸೇರಿದವು. ಒಂದು ಮಳೆಗಾಲ ಚಳಿಜ್ವರ ಬಂದು ಗಂಡನೂ ಹೋದ. ಉಳಿದವಳು ಅವನ ತಂಗಿ ಶಿವಗಂಗವ್ವ. ಎಂಟು ವರ್ಷದವಳಿದ್ದಾಗ ಸಿಡುಬು ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಮದುವೆಯ ಮಾತು ಯಾರೂ ಎತ್ತಲಿಲ್ಲ. ನಾದಿನಿ-ಅತ್ತಿಗೆ ಅಂದರೆ ಹಾವು-ಮುಂಗುಸಿ ಅನ್ನುತ್ತಾರೆ ಲೋಕದಲ್ಲಿ. ಇವರಿಬ್ಬರೂ ಒಂದೇ ಕೌದಿಯಲ್ಲಿ ಮಲಗಿ ಮೂವತ್ತು ವರ್ಷ ಕಳೆದರು.

ಇಬ್ಬರನ್ನೂ ಸಾಕಿದ್ದು ಒನಕೆ. ಹಳಿಯಾಳದ ಸೀಮೆ ಅಂದರೆ ಭತ್ತದ ಸೀಮೆ. ಗದ್ದೆಯಿದ್ದವರು ಭತ್ತ ಕೊಡುತ್ತಿದ್ದರು, ಇವರು ಕುಟ್ಟಿ ಅಕ್ಕಿ ಮಾಡಿ ಕೊಡುತ್ತಿದ್ದರು. ಚೀಲಕ್ಕೆ ಇಷ್ಟು ಸೇರು ಅಕ್ಕಿ, ಅದರ ಮೇಲೆ ನುಚ್ಚು, ತವುಡು ಎಲ್ಲಾ ಕುಟ್ಟಿದವರಿಗೆ. ನುಚ್ಚಿನಿಂದ ಹೊಟ್ಟೆ ತುಂಬುತ್ತಿತ್ತು, ತವುಡು ಎಮ್ಮೆ ಸಾಕಿದವರಿಗೆ ಕೊಟ್ಟರೆ ಮಜ್ಜಿಗೆ ಬರುತ್ತಿತ್ತು. ಒನಕೆಗೆ ಕಣ್ಣು ಬೇಕಾಗಿರಲಿಲ್ಲ. ಎದುರಾಬದುರಾ ನಿಂತು, ಒಬ್ಬಳು ಎತ್ತುವಾಗ ಒಬ್ಬಳು ಇಳಿಸುತ್ತ, ಶಿವಗಂಗವ್ವ ಸಪ್ಪಳದ ಮೇಲೇ ಕುಟ್ಟುತ್ತಿದ್ದಳು. ಅಕ್ಕಿ ಎಷ್ಟು ಬೆಳ್ಳಗಾಯಿತು ಅನ್ನುವುದನ್ನು ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದಳು. ಕಣ್ಣಿದ್ದವರು ತಪ್ಪಬಹುದು, ಅವಳು ತಪ್ಪುತ್ತಿರಲಿಲ್ಲ.

ದಾಂಡೇಲಿಯಲ್ಲಿ ಕಾಗದದ ಕಾರಖಾನೆ ಎದ್ದ ಮರುವರ್ಷವೋ ಏನೋ, ಹಳಿಯಾಳದ ಪೇಟೆಯಲ್ಲಿ ಅಕ್ಕಿ ಗಿರಣಿ ಬಂತು. ಎರಡು ಬಂಡಿ ಭತ್ತ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನ ಅಕ್ಕಿಯಾಗಿ ಬರುತ್ತದೆ ಅಂದರು. ಮೊದಮೊದಲು ಜನ ನಕ್ಕರು, ಗಿರಣಿ ಅಕ್ಕಿಯಲ್ಲಿ ಸವಿಯಿಲ್ಲ ಅಂದರು. ಆಮೇಲೆ ಸವಿ ಮರೆತರು. ಎರಡು ಸುಗ್ಗಿ ಕಳೆಯುವುದರೊಳಗೆ ಕೇರಿಯ ಒರಳುಗಳಲ್ಲಿ ಕೋಳಿ ಮಲಗತೊಡಗಿದವು. ತೋಳು ಗಟ್ಟಿಯಿದ್ದವರು ದಾಂಡೇಲಿಗೆ ಕೂಲಿಗೆ ಹೋದರು. ಅರವತ್ತು ದಾಟಿದ ಕಾಶೆವ್ವನನ್ನೂ ಕುರುಡಿ ಶಿವಗಂಗವ್ವನನ್ನೂ ಯಾವ ಕಾರಖಾನೆ ಕರೆದೀತು?

ಒಂದು ದಿನ ಕಾಶೆವ್ವ ಊರಿನ ದೊಡ್ಡ ಗದ್ದೆಯವರಾದ ಚನಬಸಪ್ಪ ಗೌಡರ ಮನೆಗೆ ಹೋದಳು. ಅಂಗಳದಲ್ಲಿ ಬಂಡಿಗೆ ಚೀಲ ಏರಿಸುತ್ತಿದ್ದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಹತ್ತಿರ ನಿಂತಳು.

"ಗೌಡ್ರ, ಒಂದ ಮಾತು ಕೇಳ್ತೇನ್ರಿ. ಸಿಟ್ಟಾಗಬ್ಯಾಡ್ರಿ."

"ಕೇಳವ್ವಾ."

"ನಾವು ಕುಟ್ಟಿದ್ರ ನುಚ್ಚು ನಮಗ ಬರ್ತಿತ್ತು. ಈಗ ಗಿರಣಿ ಕುಟ್ಟತೈತಿ. ಗಿರಣಿಗೆ ಹೊಟ್ಟಿ ಐತೇನ್ರಿ?"

ಗೌಡರು ನಕ್ಕರು. "ಗಿರಣಿಗೆಲ್ಲಿ ಹೊಟ್ಟಿ ಬೇ?"

"ಮತ್ತ ನನ್ನ ಪಾಲಿನ ನುಚ್ಚು ಯಾರು ಉಣ್ಣಾಕತ್ತಾರ್ರಿ?"

ಗೌಡರ ನಗೆ ನಿಂತಿತು. ಕೆಟ್ಟ ಮನುಷ್ಯನಲ್ಲ ಅವರು. ಮೀಸೆ ತೀಡಿಕೊಂಡು, ಚೀಲಗಳ ಕಡೆ ಒಮ್ಮೆ ನೋಡಿ, "ಅದು ನನಗೂ ತಿಳಿವಲ್ದು ಬಿಡು. ಕಾಲ ಹಂಗ ಬಂದೈತಿ" ಅಂದರು. ಕೈ ಕೆಸರಾದರೆ ಬಾಯಿ ಮೊಸರು ಅಂತ ಶಾಲೆಯಲ್ಲಿ ಕಲಿಸುತ್ತಾರಲ್ಲ, ಐವತ್ತು ವರ್ಷ ಕೈ ಸವೆಸಿದವಳಿಗೆ ಆ ಉತ್ತರ ಸಾಕು ಅನ್ನಬೇಕಷ್ಟೆ. ಕಡೆಗೆ ಗೌಡರು ಒಂದು ದಾರಿ ಹೇಳಿದರು: ದಿನಾ ಬಂದು ದನದ ಕೊಟ್ಟಿಗೆ ಬಳಿದರೆ ಮಧ್ಯಾಹ್ನ ಒಬ್ಬಾಕಿಯ ಊಟ. ಉಣ್ಣುವುದು ಅಲ್ಲೇ, ಮನೆಗೆ ಒಯ್ಯುವ ಹಾಗಿಲ್ಲ. ಒಬ್ಬರಿಗೆ ಕಟ್ಟಿ ಕೊಟ್ಟರೆ ಉಳಿದ ಆಳುಗಳೂ ಕೇಳುತ್ತಾರೆ.

ಕಾಶೆವ್ವ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಮೊದಲ ದಿನದಿಂದಲೇ ಅರ್ಧ ರೊಟ್ಟಿ ಸೆರಗಿನೊಳಗೆ ಸೇರುತ್ತಿತ್ತು. ಐವತ್ತು ವರ್ಷ ಯಾರದೂ ಒಂದು ಕಾಳು ಕದಿಯದವಳು ತನ್ನ ತಟ್ಟೆಯ ರೊಟ್ಟಿಯನ್ನೇ ಕದ್ದು ತರುವವಳಾದಳು. ಆ ಅರ್ಧ ರೊಟ್ಟಿ ಶಿವಗಂಗವ್ವನ ಇಡೀ ದಿನದ ಊಟ.

ಹಾಗೂ ಹೀಗೂ ಕೆಲವು ವರ್ಷ ಉರುಳಿದವು. ಅರವತ್ತಾರನೇ ಇಸವಿಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಕಷ್ಟ. ರೇಶನ್ ಅಂಗಡಿಯಲ್ಲಿ ಹೊರದೇಶದ ಕೆಂಪು ಜೋಳ ಕೊಡುತ್ತಿದ್ದರು. ಅದನ್ನು ಕೊಳ್ಳಲೂ ಕೈಯಲ್ಲಿ ಕಾಸಿರಬೇಕಲ್ಲ. ಗಡಿಗೆಗೆ ಬೀಳುವ ಹಿಡಿ ಅಕ್ಕಿ ಚಿಟಿಕೆಯಾಯಿತು. ಗೌಡರ ಮನೆಯ ಅಂಗಳದಲ್ಲಿ ಚೆಲ್ಲಿದ್ದನ್ನು ಆಯ್ದು ತಂದಾದರೂ ಕಾಶೆವ್ವ ಅದನ್ನು ಹಾಕುತ್ತಿದ್ದಳು. ಪಕ್ಕದ ಮನೆಯ ಶಂಕ್ರೆವ್ವ, ಬಾಯಿ ಜೋರು, ಕರುಳು ಮೆತ್ತಗೆ, ಇದನ್ನು ಕಂಡು ಉರಿಯುತ್ತಿದ್ದಳು.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ! ನಿಮ್ಮತ್ತಿ ಮ್ಯಾಲೆ ಕುಂತು ನೋಡಾಕತ್ತಾಳೇನ? ಅದನ್ನಽ ಕುದಿಸಿ ಉಣ್ಣ, ಹುಚ್ಚಿ."

"ನಮ್ಮದಲ್ಲದ್ದು ಹೆಂಗ ಉಣ್ಣಲಿ ಬೇ?" ಅನ್ನುತ್ತಿದ್ದಳು ಕಾಶೆವ್ವ.

ಶಿವಗಂಗವ್ವ ದಿನದಿನಕ್ಕೆ ಕರಗಿದಳು. ರೊಟ್ಟಿ ಕೊಟ್ಟರೆ ಅತ್ತಿಗೆಗೆ, "ನನಗ ಹಸಿವಿಲ್ಲ ವೈನಿ, ನೀ ದುಡದ ಬಂದಿ, ನೀ ತಿನ್ನ" ಅನ್ನುತ್ತಿದ್ದಳು. ಒಂದು ದಿನ ಹಳ್ಳದ ದಂಡೆಯಲ್ಲಿ ಕೊಡ ಎತ್ತುವಾಗ ತಲೆ ತಿರುಗಿ ಬಿದ್ದಳು. ಶಂಕ್ರೆವ್ವ ಎತ್ತಿಕೊಂಡು ಬಂದು ಮಲಗಿಸಿ, "ಇದರಾಗ ಏನೂ ಉಳದಿಲ್ಲ, ಹಗುರ ಕಟಗಿ ಆಗ್ಯಾಳ" ಅಂದಳು. ಆ ಸಂಜೆ ಶಿವಗಂಗವ್ವ ಮೆಲ್ಲಗೆ ಹೇಳಿದಳು:

"ಹುಬ್ಬಳ್ಳಿ ಟೇಶನ್ ಮುಂದ ನನ್ನಂಥ ಕುರುಡರು ಸಾಲಾಗಿ ಕುಂದರ್ತಾರಂತ. ನನ್ನ ಅಲ್ಲಿ ಕುಂದರಿಸಿ ಬಾ ವೈನಿ. ಗೌಡ್ರ ಮನಿ ಊಟ ಒಬ್ಬಾಕಿಗೆ ಸಾಕಾಗತೈತಿ. ನೀ ಒಬ್ಬಾಕಿನರ ಉಳಿ."

"ಬಾಯಿ ಮುಚ್ಚ! ಅಂಥಾ ಮಾತು ಇನ್ನೊಮ್ಮೆ ಆಡಿದ್ರ ನೋಡ" ಅಂದಳು ಕಾಶೆವ್ವ. ಬೈದಳೇನೋ ಹೌದು, ಆದರೆ ಲೆಕ್ಕ ನಾದಿನಿ ಹೇಳಿದ್ದೇ ಸರಿಯಾಗಿತ್ತು. ಒಂದು ಊಟ, ಎರಡು ಹೊಟ್ಟೆ.

ಆಗ ಬಂತು ಸರಕಾರದ ಮುದುಕರ ಪಿಂಚಣಿಯ ಸುದ್ದಿ. ದಿಕ್ಕಿಲ್ಲದ ಮುದುಕ-ಮುದುಕಿಯರಿಗೆ ತಿಂಗಳಿಗೆ ಹದಿನೈದು ರೂಪಾಯಿ, ಸಾಯುವವರೆಗೂ, ಮನೆಗೇ ಮನಿಯಾರ್ಡರು. ಹದಿನೈದು ರೂಪಾಯಿ ಅಂದರೆ ಇಬ್ಬರಿಗೂ ದಿನಕ್ಕೊಮ್ಮೆ ಹೊಟ್ಟೆ ತುಂಬುತ್ತದೆ. ಹುಬ್ಬಳ್ಳಿಯ ಮಾತು ಮತ್ತೆ ಬರುವುದಿಲ್ಲ. ಕಾಶೆವ್ವನಿಗೆ ಅಂದು ಕೊಟ್ಟಿಗೆ ಬಳಿಯುವಾಗ ಕೈಯಲ್ಲಿ ಹರೆಯ ಬಂದಂತಾಯಿತು.

ಅರ್ಜಿ ಬರೆದುಕೊಟ್ಟವರು ಕೇರಿಯ ಅಯ್ಯನವರು, ಅಡಿವೆಯ್ಯ. ಮದುವೆ, ಮಣ್ಣು, ಅರ್ಜಿ ಎಲ್ಲಕ್ಕೂ ಅವರೇ. ದಾರ ಕಟ್ಟಿದ ಕನ್ನಡಕ ಏರಿಸಿ ಒಂದೊಂದೇ ಪ್ರಶ್ನೆ ಓದಿದರು. ಗಂಡು ಮಕ್ಕಳು ಇದ್ದಾರೆಯೇ? ಇಲ್ಲ. ಹೊಲ? ಇಲ್ಲ. ದನ? ಇಲ್ಲ. ಸಾಕುವ ನೆಂಟರು? ಇಲ್ಲ.

"ಇಷ್ಟೆಲ್ಲಾ ಇಲ್ಲ ಅನ್ನಾಕ ಒಂದು ಹಾಳಿ ಬೇಕೇನ್ರಿ ಅಯ್ನೋರ?" ಅಂದಳು ಕಾಶೆವ್ವ. "ನಮ್ಮ ನಾದಿನಿ ಗಂಗವ್ವನ ಹೆಸರೂ ಬರೀರಿ."

"ಆಕಿದು ಬರ್ಯಾಕ ಬರೂದಿಲ್ಲವಾ. ವಯಸ್ಸು ಸಾಲೂದಿಲ್ಲ. ಕಣ್ಣಿನ ಮಾತು ಈ ಫಾರಮ್ಮಿನ್ಯಾಗ ಕೇಳಿಲ್ಲ."

ಕೇಳಿಲ್ಲವಂತೆ. ಐವತ್ತು ವರ್ಷದ ಕತ್ತಲೆ ಸರಕಾರಕ್ಕೆ ಕೇಳುವಷ್ಟು ದೊಡ್ಡದಲ್ಲ.

ಅಡಿವೆಯ್ಯನವರು ಕಾಗದ ಮಡಚಿ, ದನಿ ತಗ್ಗಿಸಿ ಹೇಳಿದರು, "ನೋಡವ್ವಾ ಕಾಶವ್ವ, ಈಗ ತಪಾಸಣಿಗೆ ಸಾಹೇಬ್ರು ಮನಿಗೇ ಬರ್ತಾರ. ಒಲಿ ಹಚ್ಚಬ್ಯಾಡ. ಚಲೋ ಸೀರಿ ಉಡಬ್ಯಾಡ. ಆ ಗಡಿಗಿ ಮಾತ್ರ ಅವರ ಕಣ್ಣಿಗೆ ಬೀಳಬಾರದು. ಅವರಿಗೆ ಉಣ್ಣಾಕ-ತಿನ್ನಾಕ ಏನೂ ಕೊಡಬ್ಯಾಡ, ನೀರು ಕೇಳಿದ್ರ ಬರೇ ನೀರು ಕೊಡು. ಅಳೂ ಕೂಸಿಗೆ ಹಾಲು, ತಿಳೀತಿಲ್ಲೋ?"

"ಅಯ್ನೋರ! ನೀವಽ ಹಿಂಗಂದ್ರ ಹೆಂಗ್ರಿ?"

"ಹಸದಾಕಿ ಹಸದಾಕಿ ಹಂಗ ಕಾಣಬೇಕವಾ. ಸುಳ್ಳು ಹೇಳಿ ರೊಕ್ಕ ತಗೊಳ್ಳವರು ಇರ್ತಾರ, ಅದಕ್ಕ ಅವರು ನೋಡ್ತಾರ."

"ನಮ್ಮ ಗಡಿಗ್ಯಾಗಿಂದ ಇಷ್ಟು ವರ್ಷ ಎಷ್ಟು ಮಂದಿ ಸುಳ್ಳು ಹೇಳಿ ಉಂಡಾರೋ ಏನೋ ರೀ. ನಾವು ಕೇಳಲೂ ಇಲ್ಲ. ಉಂಡವರು ಹೊಟ್ಟಿ ಇದ್ದವರ ಹೌದಲ್ಲೋ" ಅಂದಳು ಕಾಶೆವ್ವ. ಅಯ್ಯನವರು ಕನ್ನಡಕ ತೆಗೆದು ಒರೆಸಿದರು. "ಅದು ಮನಿ, ಇದು ಸರಕಾರ" ಅಂದರು ಕಡೆಗೆ.

ಸಾಹೇಬರು ಬರುವ ದಿನ ಗೊತ್ತಾದಾಗ ಕಾಶೆವ್ವ ಎದೆ ಗಟ್ಟಿ ಮಾಡಿಕೊಂಡಳು. ಗಂಗವ್ವನ ಮುಖ ನೋಡಿ ಗಟ್ಟಿ ಮಾಡಿಕೊಂಡಳು. ಶಂಕ್ರೆವ್ವ ಬೆಳಿಗ್ಗೆಯೇ ಬಂದು ಗಡಿಗೆಯನ್ನು ತನ್ನ ಮನೆಗೆ ಒಯ್ದಳು. ಒಲೆಯ ಬೂದಿಗೆ ನೀರು ಚಿಮುಕಿಸಿದಳು. "ಇವತ್ತೊಂದ ದಿನ ಬಾಯಿ ಹೊಲಕೊಂಡ ಕುಂದರು, ನಿನ್ನ ಕಾಲ ಬೀಳ್ತೇನಿ" ಅಂದು ಹೋದಳು. ಒಲೆಯ ಎಡಕ್ಕೆ ಗಡಿಗೆ ಕೂತಿದ್ದ ಜಾಗದಲ್ಲಿ ನೆಲ ದುಂಡಗೆ ಬೇರೆ ಬಣ್ಣಕ್ಕೆ ಕಾಣುತ್ತಿತ್ತು. ಕಾಶೆವ್ವ ಅದರ ಮೇಲೆ ಮೊರ ಬೋರಲು ಹಾಕಿದಳು.

ಬೆಳಿಗ್ಗೆ ಬರಬೇಕಾದ ಸಾಹೇಬರು ಬಂದದ್ದು ಮಧ್ಯಾಹ್ನ ಎರಡಕ್ಕೆ. ಸಣ್ಣ ವಯಸ್ಸಿನ ಮನುಷ್ಯ, ಸೈಕಲ್ಲು ನೂಕಿಕೊಂಡು ಬಂದರು, ಅಂಗಿಯೆಲ್ಲ ಬೆವರು. ಬೆಳಗಿನಿಂದ ನಾಲ್ಕು ಊರು, ಏಳು ಮನೆ ಸುತ್ತಿದ್ದರಂತೆ. ಆ ಏಳೂ ಮನೆಯಲ್ಲಿ ಒಲೆ ಆರಿತ್ತು! ಯಾವ ಮನೆಯಲ್ಲಿ ಅಡಿವೆಯ್ಯನಂಥವರು ಇರಲಿಲ್ಲ ಹೇಳಿ? ಎಲ್ಲರಿಗೂ ಇದೇ ಪಾಠವಾಗಿತ್ತು. ಹಾಗಾಗಿ ಸಾಹೇಬರಿಗೆ ಅಂದು ಒಂದು ಚೂರು ಬೆಲ್ಲ ಕೂಡ ಯಾರೂ ಕೊಟ್ಟಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಫೈಲು ಬಿಚ್ಚಿದರು. "ಸ್ವಲ್ಪ ನೀರು ಕೊಡ್ರಿ ಅಜ್ಜಿ" ಅಂದರು.

ಕಾಶೆವ್ವ ನೀರು ಕೊಟ್ಟಳು. ಬರಿ ನೀರು. ಕೊಡುವಾಗ ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ. ಒಳಗೆ ಗೋಡೆಗೊರಗಿ ಕುಳಿತಿದ್ದ ಶಿವಗಂಗವ್ವ ಸೆರಗು ಜಗ್ಗಿದಳು.

"ವೈನಿ, ಬಂದವರ ದನಿ ಕೇಳಿದೇನು? ಉಂಡಿಲ್ಲ ಅವರು."

"ಸುಮ್ಮನಿರ. ಅವರು ಸಾಹೇಬ್ರು."

"ಸಾಹೇಬ್ರ ದನಿ ಏನು, ನಮ್ಮ ದನಿ ಏನು? ಉಪವಾಸದ ದನಿ ನನಗ ಗೊತ್ತಾಗೂದಿಲ್ಲೇನು?"

ಕಾಶೆವ್ವ ಬಾಗಿಲಲ್ಲಿ ನಿಂತಳು. ಹೊರಗೆ ಸಾಹೇಬರು ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು, ತುಟಿ ಒಣಗಿ ಬಿಳುಪೇರಿತ್ತು. ಒಳಗೆ ಗಂಗವ್ವ. ನಡುವೆ ಹದಿನೈದು ರೂಪಾಯಿ. ಅವಳಿಗೆ ಗೊತ್ತಿರಲಿಲ್ಲ ಅನ್ನಬೇಡಿ, ಎಲ್ಲಾ ಗೊತ್ತಿತ್ತು. ಆದರೂ ಐವತ್ತು ವರ್ಷ ಯಾರು ಏನು ಅಂತ ಕೇಳದೆ ಒಲೆಯ ಕಡೆ ತಿರುಗಿದ ಕಾಲು ಇವತ್ತು ಯಾಕೆ ತಿರುಗಬಾರದು ಅಂತ ಆ ಕಾಲಿಗೆ ಹೇಗೆ ಹೇಳುವುದು? ಹಿತ್ತಲ ಬಾಗಿಲಿನಿಂದ ಶಂಕ್ರೆವ್ವನ ಮನೆಗೆ ನಡೆದೇಬಿಟ್ಟಳು.

"ಗಡಿಗಿ ಕೊಡು."

"ನಿನಗೇನು ಬ್ಯಾನಿ ಬಂದೈತಿ? ಕೊಡೂದಿಲ್ಲ ಹೋಗ!"

"ಹಸದಾರ ಬೇ ಶಂಕ್ರವ್ವಾ. ಬಾಗಲದಾಗ ಕುಂತಾರ."

ಶಂಕ್ರೆವ್ವ ಹಣೆ ಹಣೆ ಬಡಿದುಕೊಂಡಳು. ಬಾಯಿಗೆ ಬಂದದ್ದೆಲ್ಲ ಬೈದಳು. ಬೈಯುತ್ತಲೇ ಗಡಿಗೆ ಕೊಟ್ಟಳು, ಜೊತೆಗೆ ಒಂದು ತಂಬಿಗೆ ಮಜ್ಜಿಗೆಯನ್ನೂ ಕೈಗಿತ್ತಳು.

ಅನ್ನ ಬೆಂದಿತು. ಹಿತ್ತಲ ರಾಜಗಿರಿ ಸೊಪ್ಪಿಗೆ ಉಪ್ಪು, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿದಳು. "ಏಳ್ರಿ ಯಪ್ಪಾ, ಕೈಕಾಲು ತೊಳಕೋರಿ, ಎರಡ ತುತ್ತು ಉಣ್ರಿ" ಅಂದಾಗ ಸಾಹೇಬರು ಬೇಡ ಬೇಡ ಅಂದರು, ಎರಡನೆಯ ಸಲ ಅನ್ನಲಿಲ್ಲ. ತಲೆ ಎತ್ತದೆ ಉಂಡರು. ಅರ್ಧ ಊಟವಾದ ಮೇಲೆ ಮುಖಕ್ಕೆ ಕಳೆ ಬಂತು.

"ಅಜ್ಜಿ, ನಿಮ್ಮ ಊಟ?"

ಈ ಸೀಮೆಯಲ್ಲಿ ಅತಿಥಿ ಹಾಗೆ ಕೇಳಿದರೆ ಒಂದೇ ಉತ್ತರ. ಇಲ್ಲ ಅಂದರೆ ಉಣ್ಣುವವರ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುತ್ತದೆ. ಎರಡು ದಿನದಿಂದ ನೀರು ಕುಡಿದು ಮಲಗಿದವಳೂ ಅದನ್ನೇ ಹೇಳುತ್ತಾಳೆ.

"ನಮ್ಮದಾತ್ರಿ ಯಪ್ಪಾ. ಹೊಟ್ಟಿ ತುಂಬ ಉಂಡೇವಿ. ನೀವು ನಾಚಬ್ಯಾಡ್ರಿ, ಇನ್ನೊಂದಿಷ್ಟು ನೀಡ್ಲಿ?"

"ಈ ಗಡಿಗೆಯಲ್ಲಿ ಅಕ್ಕಿ ಇದೆಯಲ್ಲ?"

"ಅದು ಬಂದವರದ್ರೀ" ಅಂದಳು ಕಾಶೆವ್ವ ಹೆಮ್ಮೆಯಿಂದಲೇ. "ಅದು ಬರಿದಾಗಾಕ ಬಿಡೂದಿಲ್ಲ ನಾವು."

ಸಾಹೇಬರು ಕೈ ತೊಳೆದರು. "ನಮ್ಮವ್ವನ ಕೈಯಾಗ ಉಂಡಂಗಾತು" ಅಂತ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಒಳ್ಳೆಯ ಮನುಷ್ಯ. ಕೈ ಶುದ್ಧ, ಯಾರಿಂದಲೂ ಒಂದಾಣೆ ಮುಟ್ಟಿದವರಲ್ಲ. ಅದೇ ಎಡವಟ್ಟಾಯಿತು ನೋಡಿ. ಲಂಚ ತಿನ್ನುವವರಾಗಿದ್ದರೆ ಹೇಗಾದರೂ ಒಂದೆರಡು ರೂಪಾಯಿ ಹೊಂದಿಸಿ ಕೆಲಸ ಮಾಡಿಸಬಹುದಿತ್ತು. ಇವರು ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆದುಕೊಂಡು ಹೋದರು.

ಎರಡು ತಿಂಗಳಾದ ಮೇಲೆ ಟಪಾಲು ಬಂತು. ಕಾಶೆವ್ವ ಅದನ್ನು ಸೆರಗಿನಲ್ಲಿಟ್ಟುಕೊಂಡು ಓಡುನಡಿಗೆಯಲ್ಲಿ ಅಡಿವೆಯ್ಯನವರ ಹತ್ತಿರ ಹೋದಳು, ಹಿಂದೆ ಶಂಕ್ರೆವ್ವ. ಅಯ್ಯನವರು ಮೊದಲು ಮನಸ್ಸಿನಲ್ಲಿ ಓದಿಕೊಂಡರು. ಆಮೇಲೆ ಕಾಗದವನ್ನು ಮತ್ತೆ ಮಡಚಿದರು.

"ಓದ್ರಿ ಅಯ್ನೋರ."

"'ಸ್ಥಳ ತಪಾಸಣೆ ಮಾಡಲಾಗಿ, ಅರ್ಜಿದಾರಳ ಮನೆಯಲ್ಲಿ ಅಕ್ಕಿಯ ಸಂಗ್ರಹ ಕಂಡುಬಂದಿದೆ. ಅರ್ಜಿದಾರಳು ಬಂದವರಿಗೆ ಊಟ ನೀಡುವ ಸ್ಥಿತಿಯಲ್ಲಿದ್ದಾಳೆ. ತಾನು ಆ ದಿನ ಹೊಟ್ಟೆ ತುಂಬ ಊಟ ಮಾಡಿದ್ದಾಗಿ ಸ್ವತಃ ಹೇಳಿಕೆ ಕೊಟ್ಟಿರುತ್ತಾಳೆ. ಆದ್ದರಿಂದ ಸದರಿಯವಳು ನಿರ್ಗತಿಕಳಲ್ಲವೆಂದು ಅರ್ಜಿಯನ್ನು ವಜಾ ಮಾಡಲಾಗಿದೆ.'"

"ಅಂದ್ರ?"

"ಸಿಗೂದಿಲ್ಲವಾ."

ಶಂಕ್ರೆವ್ವ ನೆಲಕ್ಕೆ ಕೂತು ಸಾಹೇಬರ ಏಳು ತಲೆಮಾರನ್ನೂ ಎತ್ತಿ ಬೈದಳು. "ಉಂಡ ಮನಿ ಜಂತಿ ಎಣಿಸಿದ, ಅವನ ನಾಲಿಗಿ ಬಿದ್ದ ಹೋಗ್ಲಿ!" ಅಂದಳು. ಕಾಶೆವ್ವ ಬೈಯಲಿಲ್ಲ. "ಅವರು ಸುಳ್ಳ ಬರದಿಲ್ಲ ಬೇ. ನಾನಽ ಹಂಗ ಹೇಳೇನಿ" ಅಂದಳು. ಅಯ್ಯನವರ ಕಡೆ ತಿರುಗಿ ಕೇಳಿದಳು, "ಅವರು ಕೇಳಿದಾಗ ನಾ ಏನನ್ನಬೇಕಿತ್ತ್ರೀ? ಉಂಡಿಲ್ಲ ಅಂತ ಹೆಂಗನ್ನಲಿ ಉಣ್ಣವರ ಮುಂದ?" ಇನ್ನೊಂದು ಅರ್ಜಿ ಹಾಕಬಹುದು, ಆರು ತಿಂಗಳು ಬಿಟ್ಟು, ಅಂದರು ಅಯ್ಯನವರು. ಆರು ತಿಂಗಳು!

ಮನೆಗೆ ಬಂದಾಗ ಶಿವಗಂಗವ್ವ ಏನೂ ಕೇಳಲಿಲ್ಲ. ಹೆಜ್ಜೆಯ ಸಪ್ಪಳದಲ್ಲೇ ಅವಳಿಗೆ ಗೊತ್ತಾಗಿತ್ತು. "ಸೋಮವಾರ ಗೌಡ್ರ ಬಂಡಿ ಹಳಿಯಾಳಕ್ಕ ಹೋಗತೈತಿ. ಅಲ್ಲಿಂದ ಮೋಟಾರು" ಅಂದಳು, ಬಹಳ ದಿನದಿಂದ ಗೊತ್ತು ಮಾಡಿಟ್ಟವಳಂತೆ. ಈ ಸಲ ಕಾಶೆವ್ವ ಬೈಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಬೈಯುವುದಕ್ಕೂ ಕೈಯಲ್ಲಿ ಒಂದು ರೊಟ್ಟಿ ಬೇಕಾಗುತ್ತದೆ. ಆ ರೊಟ್ಟಿ ಅವಳ ಹತ್ತಿರ ಇರಲಿಲ್ಲ. ದೇವರು ಅನ್ನುವವನ ಮೇಲೆ ಆ ದಿನ ಮೊದಲ ಸಲ ಅವಳಿಗೆ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಶಿವಗಂಗವ್ವ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕುಳಿತಳು. ಇನ್ನೊಂದು ಸೀರೆ, ಒಂದು ತಂಬಿಗೆ, ಇಷ್ಟೇ ಗಂಟು. ಬಂಡಿ ಬರಲು ಇನ್ನೂ ಹೊತ್ತಿತ್ತು. ಕಾಶೆವ್ವ ಒಲೆ ಹಚ್ಚಿ ಗಡಿಗೆಯ ಅರಿವೆ ಬಿಚ್ಚಿದಳು, ಬೋರಲು ಹಾಕಿ ಕೊಡವಿದಳು, ತಳಕ್ಕೆ ಅಂಟಿದ್ದನ್ನೂ ಬೆರಳಿನಿಂದ ಕೆರೆದಳು. ಸಾಹೇಬರು ಉಂಡ ಮೇಲೆ ಉಳಿದದ್ದು ಈ ಎರಡು ತಿಂಗಳಲ್ಲಿ ಬಂದ ನಾಲ್ಕಾರು ಮಂದಿಗೆ ಹೋಗಿತ್ತು. ಇದ್ದದ್ದು ಒಂದು ಪಾವು.

ಅನ್ನದ ಕಂಪು ಶಿವಗಂಗವ್ವನ ಮೂಗಿಗೆ ಬಂತು. "ಯಾರು ಬಂದಾರ ವೈನಿ?"

ಕಾಶೆವ್ವ ನಾದಿನಿಯ ಕೈ ಹಿಡಿದು ಎಬ್ಬಿಸಿದಳು. ಹೊಸ್ತಿಲು ದಾಟಿಸಿ, ಕಟ್ಟೆ ಇಳಿಸಿ, ಅಂಗಳದಲ್ಲಿ ನಿಲ್ಲಿಸಿದಳು. ತಾನು ಒಳಗೆ ಬಂದು ಬಾಗಿಲಲ್ಲಿ ನಿಂತು, ಗಂಟಲು ಸರಿ ಮಾಡಿಕೊಂಡು ಕೂಗಿದಳು:

"ಯಾರ್ರೀ ಯವ್ವಾ ಅಲ್ಲಿ ನಿಂತವರು? ಬರ್ರಿ ಒಳಗ. ಕೈಕಾಲು ತೊಳಕೋರಿ, ಎರಡ ತುತ್ತು ಉಂಡ ಹೋಗ್ರಿ."

ಶಿವಗಂಗವ್ವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ತಡವರಿಸುತ್ತ ಕಟ್ಟೆ ಹತ್ತಿ ಬಂದಳು, ಕಾಲಿಗೆ ನೀರು ಹಾಕಿಸಿಕೊಂಡಳು, ಹೊರಗಿನವರು ಕೂರುವ ಜಾಗದಲ್ಲಿ ಕೂತಳು. ಬಹಳ ದಿನದ ಮೇಲೆ ಅನ್ನ ಉಂಡಳು. ಸರಿಯಾಗಿ ಅರ್ಧ ಉಂಡು ತಟ್ಟೆ ಸರಿಸಿ ಕೈ ತೊಳೆದಳು. ಇನ್ನು ಕಾಶೆವ್ವ ಕೇಳಬೇಕಾದ ಮಾತಿತ್ತು, ಎಲ್ಲಿಗೆ ಹೊಂಟೀರಿ ಅಂತ. ಅದನ್ನು ಕೇಳದೆ ಅವಳು ತಂಬಿಗೆ ಎತ್ತಿಟ್ಟಳು.

ಶಿವಗಂಗವ್ವ ತಾನಾಗೇ ಹೇಳಿದಳು: "ಹುಬ್ಬಳ್ಳಿ ಕಡೆ ಹೊಂಟೀನ್ರೀ ಯವ್ವಾ. ನಿಮ್ಮ ಹೊಟ್ಟಿ ತಂಪಿರಲಿ." ಆಮೇಲೆ ಕೈ ಚಾಚಿ ಅತ್ತಿಗೆಯ ಮೊಣಕೈ ಹುಡುಕಿದಳು. "ಇನ್ನ ನೀ ಹೊರಗ ಹೋಗು. ನಾ ಕರೀತೀನಿ."

"ಬ್ಯಾಡ ಗಂಗವ್ವಾ."

"ಹೋಗು ಅಂತೀನಿ."

ಕಾಶೆವ್ವ ಹೋಗಿ ಅಂಗಳದಲ್ಲಿ ನಿಂತಳು. ಐವತ್ತು ವರ್ಷದಲ್ಲಿ ಎಷ್ಟೋ ಮಂದಿಯನ್ನು ಆ ಜಾಗದಿಂದ ಒಳಗೆ ಕರೆದಿದ್ದಳು, ತಾನು ಒಂದು ದಿನವೂ ಅಲ್ಲಿ ನಿಂತಿರಲಿಲ್ಲ. ಬಿಸಿಲು ಏರುತ್ತಿತ್ತು. ಬಾಗಿಲಲ್ಲಿ ಗೋಡೆ ಹಿಡಿದು ನಿಂತ ಕುರುಡಿ, ಎತ್ತಲೋ ಮುಖ ಮಾಡಿ ಕರೆದಳು, "ಯಾರ್ರೀ ಹೊರಗ? ಯಾರರ ಇರ್ರಿ, ಬರ್ರಿ ಒಳಗ. ಅನ್ನ ಐತಿ."

ಅಷ್ಟೇ. ವಯಸ್ಸೆಷ್ಟು, ಮಕ್ಕಳೆಷ್ಟು, ಹೊಲವೆಷ್ಟು ಅಂತ ಕೇಳಲಿಲ್ಲ. ಗಂಡ ಸತ್ತಾಗ ಅಳದವಳು, ಕೂಸು ಮಣ್ಣು ಮಾಡಿ ಬಂದು ಒನಕೆ ಹಿಡಿದವಳು, ಕಚೇರಿಯ ಕಾಗದ ಕೇಳಿಯೂ ಕಣ್ಣು ತೇವ ಮಾಡದವಳು, ಕಾಶೆವ್ವ ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ಒಳಗೆ ಬಂದಳು. ಕಾಲು ತೊಳೆದು, ಬಂದವರ ಜಾಗದಲ್ಲಿ ಕೂತು, ಉಳಿದರ್ಧ ಅನ್ನ ಉಂಡಳು. ಒಂದು ಅಗುಳೂ ಬಿಡಲಿಲ್ಲ.

ಕೈ ತೊಳೆದ ಸಪ್ಪಳ ಕೇಳಿದ ಮೇಲೆ ಶಿವಗಂಗವ್ವ ನೇಮದಂತೆ ಕೇಳಿದಳು: "ಎಲ್ಲಿಗೆ ಹೊಂಟೀರಿ ಯವ್ವಾ?"

ಹಳ್ಳದ ಆಚೆ ಬಂಡಿಯ ಗಾಲಿಯ ಸದ್ದು ಕೇಳುತ್ತಿತ್ತು. ಕಾಶೆವ್ವ ಖಾಲಿ ಗಡಿಗೆಯನ್ನು ನೋಡಿದಳು, ಆರುತ್ತಿದ್ದ ಒಲೆಯನ್ನು ನೋಡಿದಳು. ಗೂಟಕ್ಕೆ ನೇತುಹಾಕಿದ್ದ ತನ್ನ ಇನ್ನೊಂದು ಸೀರೆಯನ್ನು ತೆಗೆದು ನಾದಿನಿಯ ಗಂಟಿನೊಳಗೆ ಸೇರಿಸಿ ಕಟ್ಟಿದಳು.

"ನಿಮ್ಮ ಸಂಗಾಟನರೀ" ಅಂದಳು.

ಗಡಿಗೆಯನ್ನು ಶಂಕ್ರೆವ್ವನ ಕಟ್ಟೆಯ ಮೇಲಿಟ್ಟು ಇಬ್ಬರೂ ಬಂಡಿ ಏರಿದರು. ಬಂಡಿಯಲ್ಲಿ ಬೇರೆ ಜಾಗವಿರಲಿಲ್ಲ, ಗಿರಣಿಗೆ ಹೊರಟ ಭತ್ತದ ಚೀಲಗಳ ಮೇಲೇ ಕೂತರು.